ಇಪ್ಪತ್ತರ ಗರ, ಮರ್ಮದ ಪೆಟ್ಟು

ನಾಲ್ಕು ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ನೆಲಕ್ಕೆ ಚೆಲ್ಲಿದಾಗ ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂದರೆ ಎಂಟು. ಚೌಕಾಬಾರ ಆಡಿ ಬಲ್ಲವರಿಗೆ ಈ ಎರಡು ಗರಗಳ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಇವು ಬಿದ್ದವನಿಗೆ ಮನೆಗಳ ಲಾಭ ಮಾತ್ರವಲ್ಲ, ಮತ್ತೊಮ್ಮೆ ಕವಡೆ ಬಿಡುವ ಹಕ್ಕೂ ಉಂಟು. ಎದುರಾಳಿಯ ಕಾಯಿಯನ್ನು ಕಡಿದವನಿಗೂ ಹಾಗೆಯೇ. ಸೋಲುತ್ತ ಕುಳಿತಿದ್ದ ಅಜ್ಜಿ ಗೆಲ್ಲುತ್ತಿದ್ದ ಮೊಮ್ಮಗನ ಗರ್ವವನ್ನು ಇಳಿಸುವುದು ಇಂಥ ಗರಗಳ ಬಲದಿಂದಲೇ.

ಕವಡೆಯು ಮೇಲಾಗಿಯೂ ಕೆಳಗಾಗಿಯೂ ಸಮನಾಗಿ ಬೀಳುವುದೆಂದು ಇಟ್ಟುಕೊಂಡರೆ, ನಾಲ್ಕು ಕವಡೆಗಳು ಬೀಳುವ ಬಗೆಗಳು 16. ಅವುಗಳಲ್ಲಿ ಚೌಕಕ್ಕೆ ಒಂದು, ಬಾರಕ್ಕೆ ಒಂದು. ಎಂಟು ಸಲಕ್ಕೊಮ್ಮೆ ಭಾಗ್ಯದ ಬಾಗಿಲು ತೆರೆಯುತ್ತದೆಂದಾಯಿತು. ಆದರೆ ಇಂಥ ಗರ ಒಂದೇ ಸಮನೆ ಮೂರು ಬಾರಿ ಬಿದ್ದರೆ ಮೂರೂ ವ್ಯರ್ಥವೆಂಬ ಕಟ್ಟಳೆ ಅನೇಕ ಮನೆಗಳಲ್ಲಿದೆ. ಹಿರಿಯರು ಅದೃಷ್ಟಕ್ಕೆ ಮಣೆ ಹಾಕಿದರು. ಮನೆಯ ಬೀಗದ ಕೈಯನ್ನು ಮಾತ್ರ ಕೊಡಲಿಲ್ಲ.

ಈ ಹಳೆಯ ವಿವೇಕವು ನೆನಪಿಗೆ ಬಂದದ್ದು ಒಂದು ಹೊಸ ವಿವಾದದಿಂದ. ಶಿವಮೊಗ್ಗೆಯ ಸವಳಂಗ ರಸ್ತೆಯಲ್ಲಿ ಕೋಣೆ ಹಿಡಿದಿರುವ ಕೆಲವು ವಿದ್ಯಾರ್ಥಿಗಳು ರಜಾದಿನಗಳಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನಾಡುತ್ತಾರೆ. ಒಬ್ಬನು ಸೂತ್ರಧಾರ, ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ಕಾಡು ಕೋಟೆಗಳನ್ನು ಮಾತಿನಲ್ಲಿಯೇ ಸುತ್ತುತ್ತಾರೆ. ಯುದ್ಧ ಬಂದಾಗ 20 ಮುಖದ ದಾಳವನ್ನು ಉರುಳಿಸಿ ಏಟು ತಾಗಿತೋ ಇಲ್ಲವೋ ಎಂದು ನಿರ್ಣಯಿಸುತ್ತಾರೆ. ದಾಳದಲ್ಲಿ 20 ಬಿದ್ದರೆ ಅದು ಮರ್ಮಾಘಾತ, ಅವರ ಮಾತಿನಲ್ಲಿ ‘ಕ್ರಿಟಿಕಲ್ ಹಿಟ್’, ಗಾಯವು ಇಮ್ಮಡಿಯಾಗುತ್ತದೆ. ಎಂಟು ತಿಂಗಳು ಒಬ್ಬ ಹುಡುಗನು ಮಗುವಿನಂತೆ ಬೆಳೆಸಿದ ವೀರನು ಹೆಸರೂ ಇಲ್ಲದ ದಾರಿಗಳ್ಳನ ಇಂಥ ಒಂದೇ ಏಟಿಗೆ ಬಿದ್ದುಬಿಟ್ಟನು. ‘ಇದು ನ್ಯಾಯವೇ ಸಾರ್?’ ಎಂಬುದು ಅವನ ಪ್ರಶ್ನೆ.

ಪ್ರಶ್ನೆಯು ಆಟದಷ್ಟೇ ಹಳೆಯದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು ಈ ಆಟವನ್ನು ಪ್ರಕಟಿಸಿದರು. ಮರುವರ್ಷವೇ, ಉರ್ದು ಮತ್ತು ಬಲೂಚಿ ಭಾಷೆಗಳ ವಿದ್ವಾಂಸನಾಗಿದ್ದ ಎಂ. ಎ. ಆರ್. ಬಾರ್ಕರ್ ಎಂಬಾತನು ತನ್ನ ‘ಎಂಪೈರ್ ಆಫ್ ದಿ ಪೆಟಲ್ ಥ್ರೋನ್’ ಆಟದಲ್ಲಿ 20 ಬಿದ್ದರೆ ಇಮ್ಮಡಿ ಗಾಯವೆಂದು ವಿಧಿಸಿದನು. ಮತ್ತೊಮ್ಮೆ ಉರುಳಿಸಿದಾಗ 19 ಅಥವಾ 20 ಬಂದರೆ ಎದುರಾಳಿಗೆ ತತ್‌ಕ್ಷಣ ಮರಣ. ಗೈಗ್ಯಾಕ್ಸನಿಗೆ ಇದು ಹಿಡಿಸಲಿಲ್ಲ. 1979ರಲ್ಲಿ ಸೂತ್ರಧಾರರಿಗಾಗಿ ಬರೆದ ಕೈಪಿಡಿಯಲ್ಲಿ ಅವನು ಮರ್ಮಾಘಾತವನ್ನು ವಿರೋಧಿಸಿದನು. ವೀರರಿಗೆ ಈ ವರವಿತ್ತರೆ ರಾಕ್ಷಸರಿಗೂ ಕೊಡಬೇಕಾಗುತ್ತದೆ, ಆಗ ವೀರರು ಬದುಕಲಾರರು ಎಂಬುದು ಅವನ ವಾದದ ತಿರುಳು.

ಲೆಕ್ಕ ಹಾಕಿ ನೋಡಿದರೆ ಅವನ ಮಾತಿನಲ್ಲಿ ಸತ್ಯವಿದೆ. ನಿಯಮವು ಇಬ್ಬರಿಗೂ ಒಂದೇ. ಆದರೆ ರಾಕ್ಷಸನ ಆಯುಷ್ಯವು ಒಂದು ಸಂಜೆಯದು, ವೀರನದು ಹಲವು ತಿಂಗಳುಗಳದು. ನಾಲ್ವರು ಕಳ್ಳರು ಐದೈದು ಸಲ ವೀರನೊಬ್ಬನ ಮೇಲೆಯೇ ಎರಗಿದರೆಂದುಕೊಳ್ಳಿ. ಒಟ್ಟು 20 ಏಟು. ಅವುಗಳಲ್ಲಿ ಒಂದಾದರೂ 20ರ ಗರವಾಗುವ ಸಂಭವವು ನೂರಕ್ಕೆ 64. ಕಳ್ಳರಲ್ಲಿ ಒಬ್ಬನು ಸತ್ತರೆ ಅಳುವವರಿಲ್ಲ. ವೀರನು ಸತ್ತರೆ ಒಂದು ಕಥೆಯೇ ನಿಲ್ಲುತ್ತದೆ. ಅದೃಷ್ಟವು ದೀರ್ಘಾಯುವಿನಿಂದಲೇ ಹೆಚ್ಚು ಸುಂಕ ವಸೂಲು ಮಾಡುತ್ತದೆ.

ಆದಕಾರಣ ಮುಂದಿನ ನಿಯಮಕರ್ತರು ಕಡಿವಾಣಗಳನ್ನು ಹುಡುಕಿದರು. 2000ದ ಮೂರನೆಯ ಆವೃತ್ತಿಯಲ್ಲಿ 20 ಬಿದ್ದ ಮೇಲೆ ದೃಢೀಕರಣಕ್ಕಾಗಿ ಇನ್ನೊಮ್ಮೆ ದಾಳ ಉರುಳಿಸಬೇಕಾಗಿತ್ತು. ಎದುರಾಳಿಯನ್ನು ತಾಗಲು 11 ಅಥವಾ ಹೆಚ್ಚು ಬೇಕೆಂದಾದರೆ, 20ಕ್ಕೆ ಒಂದಾಗಿದ್ದ ಸಂಭವವು 40ಕ್ಕೆ ಒಂದಾಯಿತು. 2014ರ ಐದನೆಯ ಆವೃತ್ತಿಯು ಎರಡನೆಯ ಉರುಳಿಕೆಯನ್ನು ಬಿಟ್ಟು, ಗಾಯದ ದಾಳಗಳನ್ನು ಮಾತ್ರ ಇಮ್ಮಡಿಸಿತು. ತೋಳ್ಬಲದಿಂದ ಸೇರುವ ಅಂಕವನ್ನು ಇಮ್ಮಡಿಸಲಿಲ್ಲ. ಎಂಟು ಮುಖದ ದಾಳಕ್ಕೆ 3 ಕೂಡಿಸುವ ಕತ್ತಿಯ ಸರಾಸರಿ ಗಾಯ ಏಳೂವರೆ. ಮರ್ಮಾಘಾತದಲ್ಲಿ ಅದು 15 ಆಗದೆ 12ಕ್ಕೆ ನಿಲ್ಲುತ್ತದೆ.

ಇಷ್ಟಾದರೂ ಹುಡುಗನ ಪ್ರಶ್ನೆಗೆ ಗಣಿತವೊಂದೇ ಉತ್ತರವಾಗಲಾರದು. ಮರ್ಮದ ಪೆಟ್ಟು ಕನ್ನಡಿಗರಿಗೆ ಹೊಸದಲ್ಲ. ರನ್ನನ ‘ಗದಾಯುದ್ಧ’ವು ನಡೆಯುವುದೆಲ್ಲ ದುರ್ಯೋಧನನ ತೊಡೆಗೆ ಬೀಳುವ ಆ ಒಂದು ಹೊಡೆತದ ಕಡೆಗೆ. ನಾಭಿಯ ಕೆಳಗೆ ಹೊಡೆಯುವುದು ಗದಾಯುದ್ಧದ ಧರ್ಮಕ್ಕೆ ವಿರುದ್ಧ. ಆದರೂ ಆ ಪೆಟ್ಟು ಆಕಸ್ಮಿಕವೆಂದು ಯಾರಿಗೂ ತೋರುವುದಿಲ್ಲ. ಅದರ ಹಿಂದೆ ತುಂಬಿದ ಸಭೆಯ ಅವಮಾನವಿದೆ, ಭೀಮನ ಪ್ರತಿಜ್ಞೆಯಿದೆ. ಕಾವ್ಯದಲ್ಲಿ ಕಾರಣವು ಮೊದಲು, ಏಟು ಅನಂತರ. ದಾಳದ ಆಟದಲ್ಲಿ ಏಟು ಮೊದಲು ಬೀಳುತ್ತದೆ. ಕಾರಣವನ್ನು ಸೂತ್ರಧಾರನು ಆಮೇಲೆ ಕಟ್ಟಿಕೊಡಬೇಕು. ‘20 ಬಿತ್ತು, ನೀನು ಸತ್ತೆ’ ಎಂದು ಹೇಳಿ ಮುಗಿಸುವವನು ಲೆಕ್ಕಿಗನು. ಸಡಿಲವಾದ ಕವಚವನ್ನು, ಜಾರಿದ ಕಾಲನ್ನು, ಕಳ್ಳನ ಮನೆಯ ಹಸಿವನ್ನು ಆ ಗರದೊಡನೆ ಹೆಣೆಯಬಲ್ಲವನೇ ಕಥೆಗಾರನು. ಆಟಗಾರನು ಸಾವನ್ನು ಕ್ಷಮಿಸಿಯಾನು. ಅರ್ಥವಿಲ್ಲದ ಸಾವನ್ನು ಕ್ಷಮಿಸಲಾರನು.

ಹಾಗೆಂದು ಈ ನಿಯಮವನ್ನೇ ಕಿತ್ತೊಗೆಯುವುದು ಜಾಣತನವಲ್ಲ. ದುರ್ಬಲನು ಬಲಿಷ್ಠನನ್ನು ಕೆಡಹುವ ಸಾಧ್ಯತೆಯೇ ಇಲ್ಲದ ಆಟವನ್ನು ದುರ್ಬಲನು ಏಕೆ ಆಡಿಯಾನು? ಬೇಕಾದುದು ಮುಂಚಿತವಾದ ಒಪ್ಪಂದ. ಚೌಕಾಬಾರದ ಮನೆ ಬರೆಯುವಾಗಲೇ ‘ಮೂರು ಬಿದ್ದರೆ ಏನು?’ ಎಂದು ಹಿರಿಯರು ಕೇಳಿಬಿಡುತ್ತಾರೆ. ಕವಡೆ ಕೈಬಿಟ್ಟ ಮೇಲೆ ಕೇಳಿದರೆ ಅದು ಪ್ರಶ್ನೆಯಲ್ಲ, ಜಗಳ.