ದಂಡಿಗೆ ನಡೆದವನ ಊರಿನಲ್ಲಿ ‘ಆಗಂಗಿಲ್ಲ’ ಅನ್ನೋ ಮಾತೇಕೆ?

ಮೋಟೆಬೆನ್ನೂರು: ಈ ಊರಿನ ಮಗ್ಗುಲಲ್ಲೇ ಪುಣೆ-ಬೆಂಗಳೂರು ಹೆದ್ದಾರಿ. ಲಾರಿಗಳು ಹಗಲು ರಾತ್ರಿ ಎನ್ನದೆ ಓಡುತ್ತಿರುತ್ತವೆ. ಅವಕ್ಕೆ ದಣಿವಿಲ್ಲ, ದಣಿವು ಏನಿದ್ದರೂ ಮನುಷ್ಯರಿಗೆ. ಬೆಳಕು ಹರಿಯೋ ಮುಂಚೆ ಬೂಟು ಕಟ್ಟಿಕೊಂಡು ಓಡುವ ಹುಡುಗರು ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಸೀಮೆಯ ಹಳ್ಳಿಗಳಲ್ಲಿ ಸಿಕ್ಕೇ ಸಿಗುತ್ತಾರೆ. ಬಹುತೇಕ ಮೆಡಲಿನ ಆಸೆಗಲ್ಲ, ಹೊಟ್ಟೆಪಾಡಿಗೆ. ಪೊಲೀಸ್ ಪೇದೆಯೋ ಮಿಲಿಟರಿ ಜವಾನನೋ ಆಗಬೇಕೆಂದರೆ 1600 ಮೀಟರ್ ಓಟ ದಾಟಲೇಬೇಕು. ಮೈದಾನಕ್ಕೆ ನಾಲ್ಕು ಸುತ್ತು. ಮೂರನೇ ಸುತ್ತಿಗೆ ಎದೆ ಉರಿದು, ಕಾಲು ಕಲ್ಲಾಗಿ, ‘ಇನ್ನ ನನ್ನ ಕೈಲೆ ಆಗಂಗಿಲ್ಲ’ ಅನ್ನೋ ಮಾತು ಒಳಗಿನಿಂದ ಏಳುತ್ತದಲ್ಲ, ಎಷ್ಟೋ ಮಂದಿಯ ನೌಕರಿ ಅಲ್ಲಿಗೇ ಮುಗೀತು. ಹೋಗುವುದು ಕೆಲವೇ ಸೆಕೆಂಡು. ವಯಸ್ಸಿನ ಮಿತಿ ಬೇರೆ ಬೆನ್ನು ಹತ್ತಿರುತ್ತದೆ.

ಇವರಿಗೆ ಧೈರ್ಯ ಹೇಳಲು ಹೊರದೇಶದ ಓಟಗಾರರ ಪಟ ತರಬೇಕಾಗಿಲ್ಲ. ಇದೇ ಊರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವ ಇದ್ದಾನೆ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಗಾಂಧೀಜಿಯ ಹಿಂದೆ ಹೊರಟ 78 ಮಂದಿಯ ಪಟ್ಟಿಯಲ್ಲಿ ‘ಮಹದೇವ ಮಾರ್ತಾಂಡ, ವಯಸ್ಸು 18’ ಎಂಬ ಹೆಸರಿದೆ. ಕರ್ನಾಟಕದಿಂದ ಹೋದವನು ಅವನೊಬ್ಬನೇ. ದಂಡಿ ಸಮುದ್ರದವರೆಗೆ 385 ಕಿಲೋಮೀಟರ್. ಮೋಟೆಬೆನ್ನೂರಿನಿಂದ ನಡೆದಿದ್ದರೆ ಬೆಂಗಳೂರು ದಾಟಿ ಇನ್ನೂ ಮುಂದೆ ಹೋಗಬಹುದಿತ್ತು!

ಆ ನಡಿಗೆಯನ್ನು ಎಲ್ಲರೂ ರಾಜಕೀಯದ ಕಣ್ಣಿನಿಂದ ನೋಡಿದ್ದೇ ಬಂತು. ದಮ್ಮಿನ ಕಣ್ಣಿನಿಂದ ನೋಡಿದವರು ಕಡಿಮೆ. 385 ಕಿಲೋಮೀಟರನ್ನು ಯಾರೂ ಒಂದೇ ಗುಟುಕಿಗೆ ನುಂಗಲು ಹೋಗಲಿಲ್ಲ. ಬೆಳಿಗ್ಗೆ ಒಂದು ಪಲ್ಲೆ, ಬಿಸಿಲಿಳಿದ ಮೇಲೆ ಸಂಜೆ ಒಂದು ಪಲ್ಲೆ. ಇವತ್ತು ಮುಟ್ಟಬೇಕಾದದ್ದು ಮುಂದಿನ ಹಳ್ಳಿ, ಅಷ್ಟೆ. ಸೋಮವಾರ ಗಾಂಧೀಜಿಯ ಮೌನದ ದಿನ, ಅಂದು ನಡಿಗೆಗೂ ರಜೆ. ಪ್ರಾರ್ಥನೆ, ನೂಲು, ದಿನಚರಿ ಬರೆಯುವುದು ಇವು ತಪ್ಪುವಂತಿರಲಿಲ್ಲ. ದಾರಿಯಲ್ಲಿ ಕಾಯಿಲೆ ಬಿದ್ದವರೂ ಇದ್ದರು, ಕಾಲು ಬೊಬ್ಬೆ ಎದ್ದವರೂ ಇದ್ದರು. ಅರವತ್ತು ದಾಟಿದ ಗಾಂಧೀಜಿ ಮಾತ್ರ, ಹೆಚ್ಚು ಹೊರೆಯಿಲ್ಲದೆ ದಿನಕ್ಕೆ ಹನ್ನೆರಡು ಮೈಲಿ ನಡೆಯುವುದು ಮಕ್ಕಳಾಟ ಎಂದು ಚುಡಾಯಿಸಿ ಮುಂದೆ ನಡೆದರು. ಮುದುಕ ಮುಂದೆ ಹೋಗುತ್ತಿರುವಾಗ ಹದಿನೆಂಟರ ಹುಡುಗ ಕೂತಾನೆಯೆ?

ಇದೆಲ್ಲ ಭಕ್ತಿಯ ಮಾತಾಯಿತು ಎನ್ನುವವರಿಗೆ ಲೆಕ್ಕವೂ ಉಂಟು. ಇಂಗ್ಲೆಂಡಿನ ಪಕ್ಕದ ವೇಲ್ಸಿನ ಬ್ಯಾಂಗರ್ ವಿಶ್ವವಿದ್ಯಾಲಯದವರು 24 ಜನರನ್ನು ಸಾಕಾಗುವ ತನಕ ಸೈಕಲ್ ತುಳಿಸಿ ನೋಡಿದರು. ಅರ್ಧ ಮಂದಿಗೆ ಎರಡು ವಾರ ತಮಗೆ ತಾವೇ ಹುರುಪಿನ ಮಾತು ಹೇಳಿಕೊಳ್ಳುವ ಅಭ್ಯಾಸ ಮಾಡಿಸಿದರು. ಹಾಗೆ ಹೇಳಿಕೊಂಡವರು ಮೊದಲಿಗಿಂತ ಶೇ. 18ರಷ್ಟು ಹೆಚ್ಚು ಹೊತ್ತು ತುಳಿದರು. ಉಳಿದವರು ಇದ್ದಲ್ಲೇ ಇದ್ದರು. ಇದು ಪ್ರಕಟವಾದದ್ದು 2014ರಲ್ಲಿ. ಅದಕ್ಕೂ ಮುಂಚೆ, 2009ರಲ್ಲಿ, ಅಲ್ಲಿಂದಲೇ ಇನ್ನೊಂದು ವರದಿ ಬಂದಿತ್ತು. 90 ನಿಮಿಷ ಕಂಪ್ಯೂಟರಿನ ಮುಂದೆ ತಲೆಗೆ ಕೆಲಸ ಕೊಟ್ಟು ಆಮೇಲೆ ಸೈಕಲ್ ಹತ್ತಿಸಿದರೆ ಜನ ಬೇಗ ಇಳಿದುಬಿಡುತ್ತಾರೆ. ಎದೆಬಡಿತವೇನೂ ಹೆಚ್ಚು ಕೆಟ್ಟಿರಲಿಲ್ಲ, ಕೆಲಸ ಭಾರ ಅನ್ನಿಸಿತು, ಇಳಿದರು. ಓಟದ ಹಿಂದಿನ ರಾತ್ರಿ ಹನ್ನೆರಡರ ತನಕ ಮೊಬೈಲ್ ತಿಕ್ಕುವ ಹುಡುಗರು ಇದನ್ನು ಸ್ವಲ್ಪ ಯೋಚಿಸಲಿ.

ಹುರುಪಿನ ಮಾತು ಅಂದರೆ ‘ನಾನೇ ಫಸ್ಟ್’ ಎಂದು ಕೂಗುವುದಲ್ಲ. ಅದು ಮೊದಲ ಸುತ್ತಿಗೇ ಆರಿಹೋಗುವ ಪಟಾಕಿ. ಮೂರನೇ ಸುತ್ತಿನಲ್ಲಿ ಉಸಿರು ಕಟ್ಟುತ್ತದೆ ಎಂಬುದು ಮೊದಲೇ ಗೊತ್ತಿರಬೇಕು, ಆಗ ಹೇಳಿಕೊಳ್ಳುವ ಮಾತೂ ತಯಾರಿರಬೇಕು. ‘ಆ ಕಂಬದ ತನಕ ನೋಡೂಣು’ ಎಂಬಷ್ಟು ಸಣ್ಣದಾದರೂ ಸಾಕು. ಇವತ್ತು ಎಷ್ಟು ಓಡಿದೆ, ಎಲ್ಲಿ ನಿಂತೆ ಎಂದು ಎರಡು ಸಾಲು ಬರೆದಿಟ್ಟರೆ ತಿಂಗಳ ಮೇಲೆ ತನ್ನ ಕಣ್ಣಿಗೇ ಗೊತ್ತಾಗುತ್ತದೆ. ಹಾಗಂತ ಮೊಣಕಾಲ ಕೆಳಗಿನ ಎಲುಬು ನೋಯುತ್ತಿದ್ದರೂ ಮನಸ್ಸು ಗಟ್ಟಿ ಮಾಡಿಕೋ ಎಂದು ಸೀಟಿ ಊದುವವರನ್ನು ನಂಬಬಾರದು. ಅದು ವೈದ್ಯರ ಹತ್ತಿರ ತೋರಿಸಬೇಕಾದ ನೋವು. ಬರೀ ಚಹಾ ಕುಡಿದು ಓಡಿದವನಿಗೆ ಯಾವ ಮಂತ್ರವೂ ತಾಗುವುದಿಲ್ಲ. ರೊಟ್ಟಿ, ಕಾಳುಪಲ್ಯ, ನಿದ್ದೆ ಮೊದಲು. ವಾರಕ್ಕೊಂದು ದಿನ ಬಿಡುವೂ ಬೇಕು, ದಂಡಿಯವರಿಗೇ ಸೋಮವಾರ ಬೇಕಾಗಿತ್ತು.

ಮಹಾದೇವನ ದಾರಿ ದಂಡಿಗೆ ನಿಲ್ಲಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಹಣಕ್ಕೆ ಕೈಹಾಕಿದಾಗ ಪೊಲೀಸರ ಗುಂಡಿಗೆ ಬಿದ್ದ. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಜೊತೆಗೇ ಹೋದರು. ಹಾವೇರಿ ರೈಲು ನಿಲ್ದಾಣಕ್ಕೆ ಈಗ ಮಹಾದೇವನ ಹೆಸರಿದೆ. ಭರ್ತಿಗೆಂದು ಚೀಲ ಹೆಗಲಿಗೇರಿಸಿ ಪರಸ್ಥಳಕ್ಕೆ ಹೊರಟ ಹುಡುಗರು ಗಾಡಿ ಕಾಯುವುದು ಅದೇ ಬೋರ್ಡಿನ ಕೆಳಗೆ.