ಘಟ್ಟದ ಮೇಲಿನ ಕಡಲ ರಾಜಧಾನಿ

ಕಾಸರಗೋಡಿನ ಬೇಕಲ ಕೋಟೆಯನ್ನು ನಮ್ಮವರು ಸಾಕಷ್ಟು ಜನ ನೋಡಿದ್ದಾರೆ. ಹೋಗದವರೂ ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಹಾಡಿನಲ್ಲಿ ಅದರ ಗೋಡೆಗಳನ್ನು ಕಂಡಿದ್ದಾರೆ. ಕಡಲಿಗೆ ಮುಖ ಮಾಡಿ ನಿಂತ ಆ ಕೋಟೆಯನ್ನು 1650ರ ಸುಮಾರಿಗೆ ಕಟ್ಟಿಸಿದವನು ಕಡಲತೀರದ ಅರಸನಲ್ಲ. ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿನಲ್ಲಿ, ಮಳೆಕಾಡಿನ ನಡುವೆ ಕುಳಿತು ರಾಜ್ಯವಾಳಿದ ಕೆಳದಿಯ ಶಿವಪ್ಪ ನಾಯಕ. ಬೇಕಲಕ್ಕೆ ಹೋಗಿ ಬಂದವರು ಆ ಕೋಟೆಗೆ ಆಜ್ಞೆ ಹೊರಟ ಜಾಗವನ್ನೂ ನೋಡಬೇಕೆಂದರೆ ಒಂದು ದಿನ ಸಾಕು. ಬೆಳಗ್ಗೆ ಸಾಗರದಲ್ಲಿ ಹೊರಟು, ಹೊಸನಗರದ ಮೇಲೆ ಹಾದು, ಕತ್ತಲಾಗುವಷ್ಟರಲ್ಲಿ ತೀರ್ಥಹಳ್ಳಿ ಸೇರುವ ದಾರಿ ಅದು.

ಕೆಳದಿ, ಇಕ್ಕೇರಿ, ಬಿದನೂರು (ಇಂದಿನ ನಗರ), ಕವಲೇದುರ್ಗ ಈ ನಾಲ್ಕನ್ನು ಬೇರೆ ಬೇರೆ ದಿನ, ಬೇರೆ ಬೇರೆ ನೆಪದಲ್ಲಿ ನೋಡುವುದು ವಾಡಿಕೆ. ಇಕ್ಕೇರಿ ಎಂದರೆ ದೇವಸ್ಥಾನ, ಕವಲೇದುರ್ಗ ಎಂದರೆ ಚಾರಣ, ನಗರ ಎಂದರೆ ಕೊಲ್ಲೂರಿಗೆ ಹೋಗುವಾಗ ಹತ್ತು ನಿಮಿಷ ಕಾರು ನಿಲ್ಲಿಸುವ ಜಾಗ. ನಾಲ್ಕನ್ನೂ ಒಂದೇ ದಿನ, ಒಂದೇ ಎಳೆಯಲ್ಲಿ ನೋಡಿದರೆ ಸುಮಾರು 260 ವರ್ಷ ಘಟ್ಟದ ಮೇಲಿನ ಅಡಕೆ, ಮೆಣಸು, ಅಕ್ಕಿಗಳನ್ನು ಘಟ್ಟದ ಕೆಳಗಿನ ಬಂದರುಗಳಿಗೆ ಜೋಡಿಸಿದ ಒಂದು ರಾಜ್ಯ ಕಣ್ಣೆದುರು ಬರುತ್ತದೆ.

ಬೆಳಗ್ಗೆ: ಕೆಳದಿ ಮತ್ತು ಇಕ್ಕೇರಿ

ಸಾಗರ ಪೇಟೆಯೇ ಕೆಳದಿ ನಾಯಕರ ಕೊಡುಗೆ. ಸದಾಶಿವ ನಾಯಕ ಕಟ್ಟಿಸಿದ ಸದಾಶಿವಸಾಗರ ಎಂಬ ಕೆರೆಯಿಂದ ಊರಿಗೆ ಹೆಸರು ಬಂತು. ಪೇಟೆಯ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಕೆಳದಿ, ದಕ್ಷಿಣಕ್ಕೆ ಅಷ್ಟೇ ದೂರದಲ್ಲಿ ಇಕ್ಕೇರಿ.

1499ರಲ್ಲಿ ಚೌಡಪ್ಪ ನಾಯಕನಿಂದ ಆಳ್ವಿಕೆ ಆರಂಭವಾದದ್ದು ಕೆಳದಿಯಲ್ಲಿ. ವಿಜಯನಗರದ ಸಾಮಂತರಾಗಿ ಮೇಲೆ ಬಂದ ಈ ಮನೆತನದ ಮೊದಲ ಗುರುತು ಇಲ್ಲಿನ ರಾಮೇಶ್ವರ ದೇವಸ್ಥಾನ. ಪಕ್ಕದಲ್ಲೇ ವೀರಭದ್ರನ ಗುಡಿ. ಅದರ ಮಾಳಿಗೆಯ ಒಳಮೈಯಲ್ಲಿ ಕೆತ್ತಿದ ಗಂಡಭೇರುಂಡವನ್ನು ಕತ್ತು ಎತ್ತಿ ನೋಡಲು ಮರೆಯಬೇಡಿ. ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ವಸ್ತುಸಂಗ್ರಹಾಲಯವೂ ಇದೇ ಊರಿನಲ್ಲಿದೆ. ಓಲೆಗರಿಗಳು, ಹಳೆಯ ಕಾಗದಪತ್ರಗಳು, ನಾಣ್ಯ, ಆಯುಧಗಳಿರುವ ಈ ಸಂಗ್ರಹವನ್ನು ದಿನದ ಮೊದಲಿಗೇ ನೋಡಿಕೊಂಡರೆ ಮುಂದೆ ಸಿಗುವ ಕಲ್ಲುಗಳಿಗೆಲ್ಲ ಹೆಸರು ಸಿಗುತ್ತದೆ.

ಇಕ್ಕೇರಿಯಲ್ಲಿ ಈಗ ಉಳಿದಿರುವುದು ಮುಖ್ಯವಾಗಿ ಅಘೋರೇಶ್ವರ ದೇವಸ್ಥಾನ. ಉತ್ತರಕ್ಕೆ ಮುಖ ಮಾಡಿದ ಕಗ್ಗಲ್ಲಿನ ಭಾರಿ ಕಟ್ಟಡ. ಎದುರಿನ ಮಂಟಪದಲ್ಲಿ ಅದಕ್ಕೆ ತಕ್ಕ ಗಾತ್ರದ ನಂದಿ. ಇಲ್ಲಿ ಬಂದವರು ಗೋಡೆಯ ಶಿಲ್ಪ ನೋಡಿ ಹೊರಟುಬಿಡುತ್ತಾರೆ. ನೆಲವನ್ನೂ ನೋಡಬೇಕು. ದೇವರಿಗೆ ಅಡ್ಡಬಿದ್ದ ಕೆಳದಿ ನಾಯಕರ ಆಕೃತಿಗಳನ್ನು ಹೆಸರು ಸಮೇತ ನೆಲಗಲ್ಲಿನಲ್ಲಿ ಕೆತ್ತಿದ್ದಾರೆ. ಅವರಲ್ಲಿ ಒಬ್ಬನಿಗೆ ಕೈಕಾಲುಗಳಿಗೆ ಬೇಡಿ ತೊಡಿಸಿದ್ದಾರೆ. ಬುದ್ಧಿ ಕೆಟ್ಟ ಅರಸ ಎಂಬುದು ಅದರ ಹಿಂದಿನ ಕಥೆ.

ನಡುವಿನ ಕಂಬಗಳ ಅಂತರವನ್ನೂ ಗಮನಿಸಿ. ತೋಟದ ಅಳತೆಗೆ ಈ ಅಂತರವೇ ಮಾನದಂಡವಾಗಿತ್ತು ಎಂದು ಹಳೆಯ ಮೈಸೂರು ಗೆಝೆಟಿಯರ್ ದಾಖಲಿಸಿದೆ. 18 ಅಡಿ 6 ಅಂಗುಲದ ಈ ಕೋಲಿನಳತೆಯ ಜಾಗ ಒಂದು ಅಡಕೆ ಮರಕ್ಕೆ. ಅದಕ್ಕೆ ‘ದಾಯ’ ಎಂದು ಹೆಸರು. ಸಾವಿರ ದಾಯಕ್ಕೆ ಇಷ್ಟು ಎಂದು ಕಂದಾಯ. ಅಧಿಕಾರಿ ತಂದ ಕೋಲಿನ ಮೇಲೆ ತೋಟದವನಿಗೆ ಅನುಮಾನ ಬಂದರೆ ದೇವಸ್ಥಾನದ ಕಂಬಗಳೇ ಸಾಕ್ಷಿ. ಇಂದಿಗೂ ಸಾಗರದ ಸೀಮೆ ಬದುಕುತ್ತಿರುವುದು ಅಡಕೆ ತೋಟದ ಮೇಲೇ ಆದ್ದರಿಂದ ಈ ಊರಿನವರಿಗೆ ಇದು ಬರೀ ಹಳೆಯ ಸಂಗತಿಯಲ್ಲ.

1623ರ ಕೊನೆಗೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಗೆ ಬಂದಿದ್ದ. ವೆಂಕಟಪ್ಪ ನಾಯಕನ ಬಳಿಗೆ ಗೋವೆಯ ಪೋರ್ಚುಗೀಸರು ಕಳಿಸಿದ ರಾಯಭಾರಿಯ ಜೊತೆ ಅವನ ಪ್ರಯಾಣ. ಹೊನ್ನಾವರದವರೆಗೆ ಹಡಗು, ಅಲ್ಲಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿ, ಆಮೇಲೆ ಘಟ್ಟ. ದಾರಿಯ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಿನಲ್ಲಿ ಅಂಕಿ ಬರೆಯುತ್ತಾ, ರಾಗವಾಗಿ ಒಪ್ಪಿಸುತ್ತಾ ಲೆಕ್ಕ ಕಲಿಯುತ್ತಿದ್ದುದನ್ನು ಅವನು ಬೆರಗಿನಿಂದ ಬರೆದಿಟ್ಟಿದ್ದಾನೆ. ಇಕ್ಕೇರಿಯ ಬೀದಿಯಲ್ಲಿ ಹೆಂಗಸರು ಕೋಲು ಹಿಡಿದು ಕುಣಿದದ್ದೂ ಅವನ ಪತ್ರಗಳಲ್ಲಿದೆ. ಯುರೋಪಿನ ರಾಯಭಾರಿಯೊಬ್ಬ ಇಷ್ಟು ಕಷ್ಟಪಟ್ಟು ಮಲೆನಾಡು ಹತ್ತಿದ್ದು ಸುಮ್ಮನೆ ಅಲ್ಲ. ಗೋವೆಯ ಊಟಕ್ಕೆ ಕನ್ನಡ ಕರಾವಳಿಯ ಅಕ್ಕಿ ಬೇಕಿತ್ತು, ಲಿಸ್ಬನ್ನಿನ ಹಡಗುಗಳಿಗೆ ಘಟ್ಟದ ಮೆಣಸು ಬೇಕಿತ್ತು. ಎರಡರ ಕೀಲಿಯೂ ಇಕ್ಕೇರಿಯ ಅರಸನ ಕೈಲಿತ್ತು.

ಮಧ್ಯಾಹ್ನ: ನಗರದ ಕೋಟೆ

1637ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಇಕ್ಕೇರಿಯ ಮೇಲೆ ದಾಳಿ ಮಾಡಿದ. ಬಯಲಿನ ಕಡೆಗೆ ತೆರೆದುಕೊಂಡ ಇಕ್ಕೇರಿ ಇನ್ನು ಸುರಕ್ಷಿತವಲ್ಲ ಎಂದು ವೀರಭದ್ರ ನಾಯಕನ ಕಾಲದಲ್ಲಿ ರಾಜಧಾನಿ ಬಿದನೂರಿಗೆ ಬಂತು. ಸುತ್ತ ಗುಡ್ಡ, ಗುಡ್ಡದ ತುಂಬ ಕಾಡು, ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ. ಬಯಲುಸೀಮೆಯ ಕುದುರೆ ದಂಡಿಗೆ ಇದಕ್ಕಿಂತ ದೊಡ್ಡ ಶತ್ರು ಬೇಡ. ಒಳಬರುವ ದಾರಿಗಳಲ್ಲಿ ಉಕ್ಕಡಗಳನ್ನು ಹಾಕಿ ಕಾವಲಿಟ್ಟರೆ ಊರಿಗೆ ಊರೇ ಕೋಟೆಯಾಯಿತು. ಆದರೂ ನಾಣ್ಯಕ್ಕೆ ಹಳೆಯ ರಾಜಧಾನಿಯ ಹೆಸರೇ ಉಳಿಯಿತು. ಬಿದನೂರಿನಲ್ಲಿ ಅಚ್ಚಾದ ವರಾಹವನ್ನೂ ಪೇಟೆಯವರು ಇಕ್ಕೇರಿ ವರಾಹ ಎಂದೇ ಎಣಿಸುತ್ತಿದ್ದರು.

ಹೊಸನಗರದಿಂದ ಕೊಲ್ಲೂರಿನ ದಾರಿಯಲ್ಲಿ ಸುಮಾರು 17 ಕಿಲೋಮೀಟರ್ ಹೋದರೆ ನಗರ. ಕೋಟೆ ರಸ್ತೆಗೇ ಕಾಣುತ್ತದೆ. ಕಂದಕ ದಾಟಿ, ದುಂಡು ಬುರುಜುಗಳ ನಡುವಿನ ಬಾಗಿಲು ಹೊಕ್ಕು ದಿಬ್ಬ ಹತ್ತಿದರೆ ದರ್ಬಾರಿನ ಜಗಲಿ, ಅಕ್ಕ–ತಂಗಿ ಕೊಳ ಎಂಬ ಜೋಡಿ ಕೊಳಗಳು, ಕಾವಲಿನ ಬುರುಜು. ಮರಮುಟ್ಟಿನ ಅರಮನೆ ಉಳಿದಿಲ್ಲ, ಅಡಿಪಾಯವಿದೆ. ಬುರುಜಿನ ಮೇಲೆ ನಿಂತು ಪಶ್ಚಿಮಕ್ಕೆ ತಿರುಗಿ. ಕಾಣುವುದು ಕಾಡು ಮಾತ್ರ. ಆ ಕಾಡಿನಲ್ಲಿ ಇಳಿಯುವ ಘಟ್ಟದ ದಾರಿಗಳೇ ಬಿದನೂರಿನ ಜೀವನಾಡಿ. ಹೇರೆತ್ತುಗಳು ಮೆಣಸು, ಅಡಕೆ ಹೊತ್ತು ಕೊಲ್ಲೂರು, ಹೊಸಂಗಡಿ ಕಡೆ ಇಳಿದು, ಉಪ್ಪು ಹೊತ್ತು ಮರಳುತ್ತಿದ್ದವು.

ಊರಿನ ಹತ್ತಿರದ ದೇವಗಂಗೆಯನ್ನು ಬಿಟ್ಟು ಬರಬೇಡಿ. ಗುಡ್ಡದ ನೀರನ್ನು ಕಲ್ಲಿನ ದೋಣಿಯಲ್ಲಿ ತಂದು ಒಂದು ಕೊಳದಿಂದ ಇನ್ನೊಂದಕ್ಕೆ ಹರಿಸಿದ ಏರ್ಪಾಡು ಅದು. ಕೋಟೆ ಕಟ್ಟಿದವರಿಗೆ ನೀರಿನ ವಿದ್ಯೆಯೂ ಗೊತ್ತಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಶಿಸ್ತಿನ ಶಿವಪ್ಪ, ಕಡಲಿನ ಶಿವಪ್ಪ

ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. ಮಲೆನಾಡಿನಲ್ಲಿ ಅವನ ಹೆಸರು ಉಳಿದಿರುವುದು ಶಿಸ್ತಿನಿಂದ, ಅಂದರೆ ಅವನು ಗೊತ್ತು ಮಾಡಿದ ಕಂದಾಯ ಪದ್ಧತಿಯಿಂದ. ಭೂಮಿಯನ್ನು ಐದು ತರಗತಿ ಮಾಡಿ, ಪ್ರತಿ ಊರಿನಲ್ಲೂ ತರಗತಿಗೊಂದು ಗದ್ದೆಯನ್ನು 12 ವರ್ಷ ಸರ್ಕಾರದ ವತಿಯಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಬೆಳೆ, ಸಿಕ್ಕ ಬೆಲೆ ಎಲ್ಲವನ್ನೂ ಬರೆಸಿ, ಸರಾಸರಿ ತೆಗೆದು, ಮೂರನೇ ಒಂದು ಪಾಲನ್ನು ಅರಸನದೆಂದು ಗೊತ್ತು ಮಾಡಿದ ಎನ್ನುತ್ತದೆ ದಾಖಲೆ. ಮುಂದೆ ಬಂದ ಸರ್ಕಾರಗಳೂ ಈ ಶಿಸ್ತನ್ನೇ ಆಧಾರವಾಗಿಟ್ಟುಕೊಂಡು ಮಾತಾಡಿದವು.

ಅವನ ಇನ್ನೊಂದು ಮುಖ ಕಡಲಿನದು. ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಪೋರ್ಚುಗೀಸರು 1568–69ರಿಂದ ಕೋಟೆ ಕಟ್ಟಿಕೊಂಡು ಕುಳಿತಿದ್ದರು. 1652ರಿಂದ 1654ರ ಒಳಗೆ ಶಿವಪ್ಪ ನಾಯಕ ಅವರನ್ನು ಒಂದೊಂದೇ ನೆಲೆಯಿಂದ ಎಬ್ಬಿಸಿದ. ಆಮೇಲೆ ಅವರು ಬಂದದ್ದು ಒಪ್ಪಂದ ಮಾಡಿಕೊಂಡ ವ್ಯಾಪಾರಿಗಳಾಗಿ. ತೆಂಕಣ ತುದಿಯಲ್ಲಿ ಚಂದ್ರಗಿರಿ, ಬೇಕಲ, ಹೊಸದುರ್ಗದ ಕೋಟೆಗಳು ಎದ್ದದ್ದು ಕೆಳದಿಯವರ ಕಾಲದಲ್ಲೇ. ಬೇಕಲದ ಗೋಡೆಯ ಕಿಂಡಿಗಳನ್ನು ನೋಡಿದವರಿಗೆ ಇದು ನೆನಪಿರುತ್ತದೆ: ಮೇಲಿನವು ದೂರದ ಹಡಗಿಗೆ, ನಡುವಿನವು ಹತ್ತಿರ ಬಂದದ್ದಕ್ಕೆ, ಕೆಳಗಿನವು ಬುಡಕ್ಕೇ ಬಂದ ಶತ್ರುವಿಗೆ. ಆ ಕೋಟೆಗಳ ಕಾವಲಿಗೆ ಹೋದ ಕನ್ನಡ ಸೈನಿಕರ ವಂಶದವರು ಕಾಸರಗೋಡಿನ ಕಡೆ ಇಂದಿಗೂ ಕೋಟೆಯವರು ಎಂದು ಕರೆಸಿಕೊಳ್ಳುತ್ತಾರೆ.

ಶಿವಪ್ಪ ನಾಯಕನ ನಂತರ ಬಿದನೂರನ್ನು ಕಾಪಾಡಿದವಳು ಚೆನ್ನಮ್ಮಾಜಿ. ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ ಸುಮಾರು 25 ವರ್ಷ ಆಳಿದಳು. 1689ರಲ್ಲಿ, ಸಂಭಾಜಿಯ ಕೊಲೆಯಾದ ಮೇಲೆ ಜಿಂಜಿಯ ಕಡೆಗೆ ತಪ್ಪಿಸಿಕೊಂಡು ಹೊರಟ ಶಿವಾಜಿಯ ಮಗ ರಾಜಾರಾಮನಿಗೆ ದಾರಿ ಕೊಟ್ಟು, ಔರಂಗಜೇಬನ ದಂಡನ್ನು ಎದುರುಹಾಕಿಕೊಂಡಳು. ಅವಳ ದತ್ತುಮಗ ಬಸವಪ್ಪ ನಾಯಕ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದವನು.

ಹೈದರನ ಅದೃಷ್ಟ, ಊರಿನ ದುರದೃಷ್ಟ

1763ರ ಮೊದಲ ತಿಂಗಳುಗಳಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿದ. ರಾಣಿ ವೀರಮ್ಮಾಜಿ ಬಲ್ಲಾಳರಾಯನದುರ್ಗಕ್ಕೆ ತಪ್ಪಿಸಿಕೊಂಡಳು, ಕೊನೆಗೆ ಸೆರೆಸಿಕ್ಕಿ ಮಧುಗಿರಿ ಸೇರಿದಳು. ಈ ಗೆಲುವೇ ತನ್ನ ಏಳಿಗೆಗೆಲ್ಲ ಬುನಾದಿ ಎಂದು ಹೈದರ್ ಬದುಕಿರುವವರೆಗೂ ಹೇಳುತ್ತಿದ್ದನೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಹೈದರ್ ಊರಿಗೆ ಹೈದರನಗರ ಎಂದು ಹೆಸರಿಟ್ಟ. ಈಗಿನ ‘ನಗರ’ ಅದರ ಉಳಿಕೆ. ಇಲ್ಲಿನ ಟಂಕಸಾಲೆಯಲ್ಲಿ ಅವನು ಅಚ್ಚು ಹಾಕಿಸಿದ ಬಹಾದ್ದೂರಿ ಹೊನ್ನಿನ ಒಂದು ಮುಖದಲ್ಲಿ ಕೆಳದಿಯವರ ಶಿವಪಾರ್ವತಿಯರೇ ಉಳಿದರು, ಇನ್ನೊಂದು ಮುಖಕ್ಕೆ ಅವನ ಹೆಸರಿನ ಮೊದಲ ಅಕ್ಷರ ಬಂತು. ಪೇಟೆಯ ನಂಬಿಕೆ ಕೆಡಬಾರದೆಂಬ ಜಾಣತನ ಅದರಲ್ಲಿದೆ. ಬಿದನೂರಿನ ಜೊತೆಗೇ ಮಂಗಳೂರು ಬಂದರು ಅವನ ಕೈಸೇರಿತು, ಮೈಸೂರಿಗೆ ಕಡಲು ಸಿಕ್ಕಿತು.

ಇಪ್ಪತ್ತು ವರ್ಷದ ನಂತರ, 1783ರ ಆರಂಭದಲ್ಲಿ, ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೇನೆ ಕರಾವಳಿಯಲ್ಲಿ ಇಳಿದು ಹೊಸಂಗಡಿ ಘಟ್ಟ ಹತ್ತಿ ನಗರಕ್ಕೆ ಬಂತು. ಏಪ್ರಿಲ್ ಕೊನೆಯಲ್ಲಿ ಟಿಪ್ಪು ಮುತ್ತಿಗೆ ಹಾಕಿ ಅವರನ್ನು ಶರಣಾಗಿಸಿದ. ಯಾವ ದಾರಿಯಿಂದ ಸಂಪತ್ತು ಇಳಿಯುತ್ತಿತ್ತೋ ಅದೇ ದಾರಿಯಿಂದ ಶತ್ರು ಹತ್ತಿ ಬಂದಿದ್ದ. 1830ರಲ್ಲಿ ಕಂದಾಯದ ಹೊರೆ ತಾಳದೆ ನಗರ ಸೀಮೆಯ ರೈತರು ದಂಗೆ ಎದ್ದರು. ಮರುವರ್ಷ ಮೈಸೂರಿನ ಆಡಳಿತವನ್ನೇ ಬ್ರಿಟಿಷರು ವಹಿಸಿಕೊಳ್ಳಲು ಆ ದಂಗೆ ಕಾರಣವಾಯಿತು. ಕೊನೆಗೆ ತಾಲ್ಲೂಕು ಕಚೇರಿಯೂ ನಗರವನ್ನು ಬಿಟ್ಟು ಹೋಯಿತು, ಹೊಸ ಕೇಂದ್ರಕ್ಕೆ ಹೊಸನಗರ ಎಂದು ಹೆಸರಾಯಿತು. ಶರಾವತಿ, ಚಕ್ರಾ, ವಾರಾಹಿ ವಿದ್ಯುತ್ ಯೋಜನೆಗಳು ಸುತ್ತಲಿನ ಎಷ್ಟೋ ಹಳ್ಳಿಗಳನ್ನು ಮುಳುಗಿಸಿದವು. ಕರ್ನಾಟಕಕ್ಕೆ ಬೆಳಕು ಕೊಟ್ಟ ಈ ಸೀಮೆಯಲ್ಲಿ ಹಳೆಯ ರಾಜಧಾನಿ ಒಂದು ಸಣ್ಣ ಪೇಟೆಯಾಗಿ ಉಳಿದಿದೆ.

ಸಂಜೆ: ಕವಲೇದುರ್ಗ

ನಗರದಿಂದ ತೀರ್ಥಹಳ್ಳಿಯ ಕಡೆ ಹೊರಟರೆ ಕವಲೇದುರ್ಗ. ಕೆಳದಿಯವರ ಕಾಲದ ಹೆಸರು ಭುವನಗಿರಿ. ಬುಡದಲ್ಲಿ ತಿಮ್ಮಣ್ಣ ನಾಯಕನ ಕೆರೆ. ಗದ್ದೆಯಂಚಿನಲ್ಲಿ ನಡೆದು, ಕಲ್ಲು ಹಾಸಿದ ದಾರಿ ಹಿಡಿದರೆ ಒಂದರ ಮೇಲೊಂದರಂತೆ ಮೂರು ಸುತ್ತಿನ ಕೋಟೆ. ಗಾರೆಯ ಹಂಗಿಲ್ಲದೆ ಜೋಡಿಸಿದ ದೊಡ್ಡ ದೊಡ್ಡ ಕಲ್ಲುಗಳು, ಬಾಗಿಲ ಪಕ್ಕದಲ್ಲಿ ಕಾವಲಿನವರ ಕೋಣೆ, ಒಳಗೆ ಕಾಶಿ ವಿಶ್ವನಾಥನ ಗುಡಿ. ಉತ್ಖನನದಲ್ಲಿ ಹೊರಬಂದ ಅರಮನೆಯ ನೆಲಗಟ್ಟು ಇಲ್ಲಿನ ವಿಶೇಷ. ಕಂಬದ ಪೀಠಗಳು, ಬಚ್ಚಲು, ನೀರು ಹೋಗುವ ಕಾಲುವೆ, ಅಡುಗೆಮನೆಯ ಕಲ್ಲಿನ ಒಲೆ. ಬಿದನೂರಿನಲ್ಲಿ ಅರಮನೆಯನ್ನು ಊಹಿಸಿಕೊಳ್ಳಬೇಕು, ಇಲ್ಲಿ ಕೋಣೆಯಿಂದ ಕೋಣೆಗೆ ನಡೆದೇ ನೋಡಬಹುದು. ಬಿದನೂರಿಗೆ ಸಂಕಟ ಬಂದಾಗ ಚೆನ್ನಮ್ಮಾಜಿ ಬಂದು ಸೇರಿದ್ದು ಈ ಕೋಟೆಯನ್ನು. ಒಂದು ಕಾಲದಲ್ಲಿ ತೀರ್ಥಹಳ್ಳಿ ತಾಲ್ಲೂಕಿಗೇ ಕವಲೇದುರ್ಗವೆಂಬ ಹೆಸರಿತ್ತು.

ಹೋಗುವವರಿಗೆ

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಗಾಲದ ಹಸಿರಿಗೆ ಮನಸೋತು ಹೋಗುವವರು ಉಂಬಳಕ್ಕೂ ಪಾಚಿಗಟ್ಟಿದ ಕಲ್ಲಿಗೂ ಸಿದ್ಧರಿರಬೇಕು. ಬಸ್ಸಿನಲ್ಲಿ ನಾಲ್ಕೂ ಜಾಗ ಒಂದೇ ದಿನಕ್ಕೆ ಆಗುವುದಿಲ್ಲ, ಸಾಗರದಲ್ಲಿ ಗಾಡಿ ಮಾಡಿಕೊಳ್ಳುವುದು ಲೇಸು. ಬೆಳಗ್ಗೆ ಏಳಕ್ಕೆ ಹೊರಟರೆ ನಗರದಲ್ಲಿ ಮಧ್ಯಾಹ್ನ, ಮೂರೂವರೆಯೊಳಗೆ ಕವಲೇದುರ್ಗದ ಬುಡ ಎಂದು ಲೆಕ್ಕ ಇಟ್ಟುಕೊಳ್ಳಿ. ಹತ್ತಲು ಮುಕ್ಕಾಲು ಗಂಟೆ ಬೇಕು, ಕತ್ತಲಾಗುವ ಮೊದಲು ಇಳಿದಿರಬೇಕು. ಕುಡಿಯುವ ನೀರು ಕೆಳಗಿನಿಂದಲೇ ಒಯ್ಯಿರಿ.

ಎಲ್ಲಕ್ಕಿಂತ ಮುಖ್ಯ, ಜೊತೆಗೆ ತಿಳಿದವರೊಬ್ಬರಿರಲಿ. ಇಕ್ಕೇರಿಯ ಕಂಬದ ಅಳತೆಯನ್ನಾಗಲಿ ಹೊಸಂಗಡಿ ಘಟ್ಟದ ಕಥೆಯನ್ನಾಗಲಿ ಫಲಕಗಳು ಹೇಳುವುದಿಲ್ಲ. ಊರಿನ ಮೇಷ್ಟರು, ಅರ್ಚಕರು, ಇತಿಹಾಸದಲ್ಲಿ ಆಸಕ್ತಿಯಿರುವ ಹುಡುಗರು ಕೇಳಿದರೆ ಬರುತ್ತಾರೆ. ಅವರ ಸಮಯಕ್ಕೆ ತಕ್ಕ ಸಂಭಾವನೆ ಕೊಡುವುದು ನಮ್ಮ ಧರ್ಮ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹತ್ತಿಪ್ಪತ್ತು ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ಕೆಳದಿಯಿಂದ ಕವಲೇದುರ್ಗದವರೆಗೆ ಒಂದು ದಿನದ ಪ್ರವಾಸವನ್ನು ಪ್ರವಾಸೋದ್ಯಮ ಇಲಾಖೆ ನಡೆಸಿದರೆ ಖರ್ಚು ಹೆಚ್ಚಿಲ್ಲ, ಲಾಭ ಊರಿನವರಿಗೇ. ಅಲ್ಲಿಯವರೆಗೆ ಶಾಲೆಗಳವರು ಒಂದು ಕೆಲಸ ಮಾಡಬಹುದು: ಮಕ್ಕಳನ್ನು ಬೇಕಲಕ್ಕೆ ಕರೆದೊಯ್ಯುವ ಮುನ್ನ ನಗರಕ್ಕೆ ಕರೆದೊಯ್ಯಲಿ.