ಸೌದೆ ಸೀಳುವ ಯಂತ್ರ: ಟನ್ ಕೇಳುವ ಮೊದಲು ಕೊಟ್ಟಿಗೆ ನೋಡಿ

ಅಡುಗೆಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಕೆಲವರ ಮಾಡಿನ ಮೇಲೆ ಸೋಲಾರ್ ಕೂಡ ಉಂಟು. ಆದರೂ ಕಾಸರಗೋಡಿನ ತೋಟದ ಮನೆಗಳಲ್ಲಿ ಬಚ್ಚಲ ಹಂಡೆಯ ಕೆಳಗಿನ ಬೆಂಕಿ ಆರಿಲ್ಲ. ಆಟಿ ತಿಂಗಳ ಜಡಿಮಳೆಯಲ್ಲಿ ಬಿಸಿಲನ್ನು ನಂಬಿ ಸ್ನಾನಕ್ಕೆ ಹೊರಡುವವರು ಯಾರು? ಜಾನುವಾರಿನ ಅಕ್ಕಚ್ಚು ಬೇಯಬೇಕು, ಬಾಣಂತಿಗೆ ನೀರು ಕಾಯಬೇಕು, ರಬ್ಬರ್ ಇದ್ದವರ ಹೊಗೆಗೂಡು ಉರಿಯಬೇಕು. ಕನ್ನಡದಲ್ಲಿ ಸೌದೆ, ತುಳುವಿನಲ್ಲಿ ಕಣಕ್, ಮಲಯಾಳದಲ್ಲಿ ವಿರಗು. ಹೆಸರು ಯಾವುದೇ ಇರಲಿ, ದಪ್ಪ ಮರವನ್ನು ಸೀಳದೆ ಒಲೆಗೆ ಹಾಕುವ ಹಾಗಿಲ್ಲ.

ಸೀಳುವವರು ಯಾರು ಎಂಬುದೇ ಈಗಿನ ಪ್ರಶ್ನೆ. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ನಾಡಿನಲ್ಲೋ ಇದ್ದಾರೆ. ಕೊಡಲಿ ಹಿಡಿಯುವ ಆಳು ಸಿಗುವುದು ಅಪರೂಪ, ಸಿಕ್ಕಿದರೂ ಅಡಿಕೆ ಕೊಯ್ಲಿನ ಹೊತ್ತಿಗೆ ಸೌದೆಗೆ ಬರುವುದಿಲ್ಲ. ಕೊನೆಗೆ ಎಪ್ಪತ್ತರ ಹತ್ತಿರದ ಯಜಮಾನರೇ ಅಂಗಳಕ್ಕೆ ಇಳಿಯುತ್ತಾರೆ. ಇಂಥ ಮನೆಗಳಿಗೆ ಸೌದೆ ಸೀಳುವ ಯಂತ್ರ ಬೇಕೆನಿಸುವುದು ಸಹಜ. ಪುತ್ತೂರಿನ ಯಂತ್ರಮೇಳಗಳಿಗೆ ಹೋಗಿ ಬಂದವರಿಗೆ ಇದು ಹೊಸ ಸಂಗತಿಯೂ ಅಲ್ಲ. ಅಂಗಡಿಗೆ ಹೋದವರ ಮೊದಲ ಪ್ರಶ್ನೆ ಮಾತ್ರ ಹೆಚ್ಚಾಗಿ ಒಂದೇ: "ಎಷ್ಟು ಟನ್ನಿನದ್ದು ಮಾರಾಯ್ರೇ?"

ಈ ಪ್ರಶ್ನೆ ತಪ್ಪಲ್ಲ. ಆದರೆ ಅದು ಮೂರನೆಯ ಪ್ರಶ್ನೆ ಆಗಬೇಕು. ಮೊದಲನೆಯದು, ನಮಗೆ ವರ್ಷಕ್ಕೆ ಸೌದೆ ಎಷ್ಟು ಬೇಕು? ಎರಡನೆಯದು, ಯಾವ ಮರ?

ಒಂದು ಮನೆಯ ಲೆಕ್ಕ

ಲೆಕ್ಕ ಹಾಕುವುದು ಕಷ್ಟವೇನಲ್ಲ. ಒಂದು ವಾರ ಒಲೆಗೆ ಹಾಕುವ ಸೌದೆಯನ್ನು ತೂಗಿ ನೋಡಿ. ದಿನಕ್ಕೆ 5 ಕಿಲೋ ಎಂದು ಇಟ್ಟುಕೊಂಡರೆ ವರ್ಷಕ್ಕೆ ಸುಮಾರು 1,800 ಕಿಲೋ. ಇದು ಒಣಗಿದ ಸೌದೆಯ ತೂಕ. ಹಸಿ ಮರದಲ್ಲಿ ಅರ್ಧದ ಹತ್ತಿರ ನೀರೇ ಇರುವುದರಿಂದ ಸೀಳುವಾಗ ಅದು 2,700 ಕಿಲೋ ಆಗಬಹುದು. 20 ಸೆಂಟಿಮೀಟರ್ ದಪ್ಪ, ಒಂದೂವರೆ ಅಡಿ ಉದ್ದದ ಒಂದು ತುಂಡು ಹಸಿಯಲ್ಲಿ ಸುಮಾರು 15 ಕಿಲೋ ತೂಗುತ್ತದೆ. ಹಾಗಾದರೆ ತುಂಡುಗಳು 180. ಒಂದನ್ನು ನಾಲ್ಕು ಹೋಳು ಮಾಡಲು ಮೂರು ಸಲ ಸೀಳಬೇಕು, ಒಟ್ಟು 540 ಸಲ. ಇಟ್ಟು, ಸೀಳಿ, ತೆಗೆಯಲು ಒಂದೊಂದು ನಿಮಿಷ ಹಿಡಿದರೂ ಕೆಲಸ ಮುಗಿಯುವುದು 9 ಗಂಟೆಯಲ್ಲಿ.

ಅಂದರೆ ಒಂದು ಮನೆಯ ಯಂತ್ರಕ್ಕೆ ವರ್ಷದಲ್ಲಿ ಒಂದೆರಡು ದಿನದ ಕೆಲಸ. ಉಳಿದ 363 ದಿನ ಅದು ಕೊಟ್ಟಿಗೆಯ ಮೂಲೆಯಲ್ಲಿ ಹೆಗ್ಗಣಕ್ಕೆ ಆಸರೆ. ನಮ್ಮಲ್ಲಿ ಉರಿಯುವ ವಸ್ತುವಿನಲ್ಲಿ ತೆಂಗಿನ ಮಡಲು, ಸಿಪ್ಪೆ, ಕರಟ, ಅಡಿಕೆಯ ಸಿಪ್ಪೆ, ಸಣ್ಣ ಗೆಲ್ಲುಗಳ ಪಾಲು ದೊಡ್ಡದು. ಅವನ್ನು ಸೀಳಬೇಕಾಗಿಯೇ ಇಲ್ಲ. ಅದನ್ನು ಕಳೆದರೆ 9 ಗಂಟೆಯೂ ಬೇಡ. ಸಾವಿರಗಟ್ಟಲೆ ರೂಪಾಯಿ ಸುರಿಯುವ ಮೊದಲು ಈ ಲೆಕ್ಕ ಎದುರಿಗೆ ಇರಲಿ.

ಮರಕ್ಕೆ ತಕ್ಕ ಉಪಾಯ

ಎಲ್ಲ ಮರವೂ ಒಂದೇ ರೀತಿ ಸೀಳುವುದಿಲ್ಲ. ರಬ್ಬರ್ ಮೆತ್ತಗಿನ ಮರ, ಕೊಡಲಿಗೆ ಸುಲಭವಾಗಿ ಬಿಡುತ್ತದೆ. ಆದರೆ ಮಳೆಗೆ ಬಿಟ್ಟರೆ ಬೂಷ್ಟು ಹಿಡಿದು, ಹುಳ ಕೊರೆದು ಹಾಳಾಗುತ್ತದೆ. ಮಾವು, ಗೇರು ಗಂಟು ಇಲ್ಲದ ಕಡೆ ಬಗ್ಗುತ್ತವೆ, ಕವಲಿನ ಬುಡದಲ್ಲಿ ಹಟ ಹಿಡಿಯುತ್ತವೆ. ಗಾಳಿಮರ ಒಣಗಿದ ಮೇಲೆ ಕಬ್ಬಿಣ. ತೆಂಗಿನ ಕಾಂಡವಂತೂ ನಾರು ನಾರಾಗಿ ಬೆಣೆಯನ್ನೇ ಕಚ್ಚಿ ಹಿಡಿಯುತ್ತದೆ. ಹಾಗಾಗಿ ಹಸಿಯಲ್ಲೇ ಸೀಳುವುದು ಹೆಚ್ಚಿನ ಮರಗಳಿಗೆ ಒಳ್ಳೆಯದು. ಸೀಳಿದ ಸೌದೆ ಬೇಗ ಒಣಗುತ್ತದೆ ಎಂಬುದು ಇನ್ನೊಂದು ಲಾಭ.

ಘಟ್ಟದ ಮೇಲಿನ ನಮ್ಮವರ ಸಂಗತಿ ಬೇರೆ. ನೀಲಗಿರಿ ಜಿಲ್ಲೆಯ ಕೋತಗಿರಿ, ಕೂನೂರು ಕಡೆ ಚಳಿಗೆ ಸೌದೆ ಬೇಕೇ ಬೇಕು. ಅಲ್ಲಿ ಸಿಗುವ ನೀಲಗಿರಿ ಮರದ ಎಳೆ ತಿರುಚಿಕೊಂಡಿರುತ್ತದೆ. ಒಣಗಲು ಬಿಟ್ಟರೆ ಕೊಡಲಿ ಪುಟಿದು ಬರುತ್ತದೆ. ವಯನಾಡು, ಗೂಡಲೂರಿನ ಕಾಫಿ, ಚಹಾ ತೋಟಗಳ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಅಷ್ಟು ಕಾಡುವುದಿಲ್ಲ. ಇನ್ನು ರಾಯದುರ್ಗ, ಮಡಕಶಿರಾ, ಆದೋನಿ, ಜತ್ತ ಕಡೆಯ ಬಯಲುನಾಡಿನಲ್ಲಿ ಒಲೆಗೆ ಹೋಗುವುದು ಬಹುಪಾಲು ಬಳ್ಳಾರಿ ಜಾಲಿ. ಅದು ಸಪೂರ, ಸೊಟ್ಟ. ಅದಕ್ಕೆ ಬೇಕಾದದ್ದು ಅಡ್ಡ ಕೊಯ್ಯುವ ಗರಗಸ. ಆ ಕಡೆಯ ಓದುಗರು ಸೀಳುವ ಯಂತ್ರಕ್ಕೆ ದುಡ್ಡು ಹಾಕುವ ಅಗತ್ಯವೇ ಕಾಣುವುದಿಲ್ಲ.

ಕೈ ಉಪಕರಣವೇ ಸಾಕಾಗ್ತದಾ?

ಹಲವು ಮನೆಗಳಿಗೆ ಸಾಕಾಗುತ್ತದೆ. ಮರ ಕಡಿಯುವ ಕೊಡಲಿಯ ಬಾಯಿ ತೆಳು, ಅದು ಅಡ್ಡ ಕತ್ತರಿಸಲು ಇರುವುದು. ಸೀಳಲು ಬೇಕಾದದ್ದು ಮೂರು, ಮೂರೂವರೆ ಕಿಲೋ ತೂಕದ, ಬೆಣೆಯ ಹಾಗೆ ಅಗಲಿಸುತ್ತಾ ಹೋಗುವ ತಲೆಯ ಕೊಡಲಿ. ಜೊತೆಗೆ ಎರಡು ಉಕ್ಕಿನ ಬೆಣೆ, ಒಂದು ಸುತ್ತಿಗೆ. ದಪ್ಪ ತುಂಡನ್ನು ನಡುವಿಗೆ ಹೊಡೆಯದೆ ಅಂಚಿನಿಂದ ಹೋಳು ಹೋಳಾಗಿ ಬಿಡಿಸುತ್ತಾ ಬಂದರೆ ಅರ್ಧ ಶ್ರಮ ಉಳಿಯುತ್ತದೆ. ಬೆಣೆಯ ತಲೆ ಹೊಡೆತಕ್ಕೆ ಅಣಬೆಯ ಹಾಗೆ ಅರಳಿದರೆ ಅದನ್ನು ಉಜ್ಜಿ ಸರಿಮಾಡಲೇಬೇಕು. ಇಲ್ಲದಿದ್ದರೆ ಉಕ್ಕಿನ ಚೂರು ಹಾರಿ ಕಣ್ಣಿಗೆ ಬಡಿಯುತ್ತದೆ.

ಕೊಡಲಿ ಎತ್ತಲಾಗದವರಿಗೂ ಒಂದು ದಾರಿ ಉಂಟು. ನ್ಯೂಜಿಲೆಂಡಿನ ಆಯ್ಲಾ ಹಚಿನ್ಸನ್ ಎಂಬ ಶಾಲಾ ಬಾಲಕಿ ಬಾಯಿ ಮೇಲಾಗಿ ನಿಲ್ಲಿಸಿದ ಬೆಣೆಯ ಸುತ್ತ ಕಬ್ಬಿಣದ ಬಳೆ ಇಟ್ಟು ಒಂದು ಸಾಧನ ಮಾಡಿದಳು. ತುಂಡನ್ನು ಬಳೆಯೊಳಗೆ ನಿಲ್ಲಿಸಿ ಮೇಲಿನಿಂದ ಸುತ್ತಿಗೆಯಲ್ಲಿ ಬಡಿದರೆ ಆಯಿತು. ಬೀಸುವ ಬಾಯಿಯೂ ಇಲ್ಲ, ಬೆರಳಿಗೆ ಬೀಳುವ ಭಯವೂ ಕಡಿಮೆ. ಸಪೂರ ಸೌದೆಗೆ ಇಂಥದ್ದನ್ನು ನಮ್ಮೂರಿನ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಟ್ಟಾರು.

ಇದಕ್ಕಿಂತ ಒಂದು ಮೆಟ್ಟಿಲು ಮೇಲೆ, ಕೈಯಿಂದ ಲಿವರ್ ಎಳೆಯುವ ಹೈಡ್ರಾಲಿಕ್ ಯಂತ್ರ. ಲಾರಿ ಎತ್ತುವ ಜಾಕಿಯ ತತ್ವವೇ. ನಿಧಾನ ಹೌದು. ಕರೆಂಟು ಬೇಡ, ಪೆಟ್ರೋಲು ಬೇಡ, ಸೊಂಟ ಬಗ್ಗಿಸಿ ಬಡಿಯುವುದು ಬೇಡ. ಇಬ್ಬರೇ ಇರುವ ಮನೆಗೆ, ದಿನಕ್ಕೆ ಹತ್ತು ತುಂಡು ಸೀಳಿ ಇಡುವವರಿಗೆ ಇದು ಹೇಳಿ ಮಾಡಿಸಿದ ಹಾಗೆ.

ಟನ್ನಿನ ಗುಟ್ಟು

ಮೋಟಾರಿನ ಯಂತ್ರವೇ ಬೇಕೆನ್ನುವವರು ಈಗ ಟನ್ ಕೇಳಬಹುದು. ಆದರೆ ಫಲಕದ ಮೇಲೆ ಬರೆದದ್ದನ್ನು ಹಾಗೆಯೇ ನಂಬಬೇಡಿ. ಅಂಗಡಿಯವರಲ್ಲಿ ಎರಡು ಅಂಕಿ ಕೇಳಿ: ಸಿಲಿಂಡರಿನ ಒಳ ಅಡ್ಡಳತೆ ಎಷ್ಟು ಸೆಂಟಿಮೀಟರ್? ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ ಎಷ್ಟು ಕಿಲೋ? ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, 0.785ರಿಂದ ಗುಣಿಸಿ, ಒತ್ತಡದಿಂದ ಗುಣಿಸಿ, ಸಾವಿರದಿಂದ ಭಾಗಿಸಿ. 10 ಸೆಂಟಿಮೀಟರ್ ಸಿಲಿಂಡರ್, 150 ಕಿಲೋ ಒತ್ತಡವಾದರೆ 11.8 ಟನ್ ಸಿಗುತ್ತದೆ. ಅದೇ ಸಿಲಿಂಡರಿಗೆ ಅದೇ ಒತ್ತಡದಲ್ಲಿ 20 ಟನ್ ಎಂದು ಬರೆದಿದ್ದರೆ ಅದು ಬಣ್ಣದ ಮಾತು.

ಬಲ ಹೆಚ್ಚಾದರೆ ವೇಗ ಕಡಿಮೆ, ಇದು ಎರಡನೆಯ ಗುಟ್ಟು. 2 ಎಚ್.ಪಿ. ಮೋಟಾರು 150 ಕಿಲೋ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ಎಣ್ಣೆ ತಳ್ಳಬಲ್ಲದು. ಮೇಲಿನ ಸಿಲಿಂಡರಿನ ದಂಡ 40 ಸೆಂಟಿಮೀಟರ್ ಮುಂದೆ ಹೋಗಲು ಆಗ ಸುಮಾರು 38 ಸೆಕೆಂಡು ಬೇಕು. ನಿಮಿಷಕ್ಕೆ 20 ಲೀಟರ್ ಎಣ್ಣೆ ಕೊಡುವ ಟ್ರ್ಯಾಕ್ಟರಿಗೆ ಜೋಡಿಸಿದರೆ 10 ಸೆಕೆಂಡೂ ಬೇಡ. ಹಾಗಾಗಿ ಎರಡು ಹಂತದ ಪಂಪು ಇದೆಯೇ ಎಂದು ಕೇಳಿ. ಅದು ಮರ ಮುಟ್ಟುವ ತನಕ ಬೇಗ ಓಡಿ, ಮುಟ್ಟಿದ ಮೇಲೆ ನಿಧಾನವಾಗಿ ಬಲ ಹಾಕುತ್ತದೆ. ನೇರ ಎಳೆಯ, ಗೇಣು ದಪ್ಪದ ಮರಕ್ಕೆ ಐದಾರು ಟನ್ ಸಾಕು. ಗಂಟು ಮರ, ಅಡಿಗಿಂತ ದಪ್ಪದ ಬುಡ ಇದ್ದರೆ ಮಾತ್ರ ಹತ್ತರ ಮೇಲೆ ಹೋಗಿ. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಮಾತು ಇಲ್ಲಿಯೂ ಸಲ್ಲುತ್ತದೆ.

ಕರೆಂಟಿನ ವಿಷಯವನ್ನೂ ಮರೆಯಬಾರದು. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ ಸಂಜೆ ವೋಲ್ಟೇಜ್ ಬೀಳುವುದು ಎಲ್ಲರಿಗೂ ಗೊತ್ತು. 230 ಇರಬೇಕಾದಲ್ಲಿ 180 ಬಂದರೆ ಮೋಟಾರಿನ ತಿರುಗುಬಲ ನೂರರಲ್ಲಿ ಅರವತ್ತಕ್ಕೆ ಇಳಿಯುತ್ತದೆ. ಮರ ಸೀಳದೆ ಮೋಟಾರು ಬಿಸಿಯಾಗಿ ಸುಡುತ್ತದೆ. ಹಗಲು ಹೊತ್ತಿನಲ್ಲಿ ಕೆಲಸ ಮಾಡಿ, ಕೊಟ್ಟಿಗೆಗೆ ದಪ್ಪ ವಯರು ಎಳೆಸಿ, ಅರ್ತಿಂಗ್ ಸರಿ ಇದೆಯೇ ನೋಡಿಸಿ.

ಬೆರಳಿಗಿಂತ ಸೌದೆ ದೊಡ್ಡದಲ್ಲ

ಲೇತ್ ಅಂಗಡಿಗಳಲ್ಲಿ ಮಾಡಿಸುವ ಶಂಕುವಿನ ಆಕಾರದ ತಿರುಪು ಯಂತ್ರ ಬೆಲೆಯಲ್ಲಿ ಅಗ್ಗ, ನೋಡಲು ಬಲು ಚುರುಕು. ತಿರುಗುವ ತಿರುಪು ಮರದೊಳಗೆ ತಾನೇ ಕೊರೆದು ಸೀಳುತ್ತದೆ. ಆದರೆ ಅದಕ್ಕೆ ಮರ ಯಾವುದು, ಲುಂಗಿ ಯಾವುದು ಎಂಬ ಭೇದ ಇಲ್ಲ. ಹೆಗಲ ಬೈರಾಸಿನ ತುದಿ, ಸೀರೆಯ ಸೆರಗು, ಕೈಗವಸು ಸಿಕ್ಕಿದರೆ ಒಂದೇ ಕ್ಷಣದಲ್ಲಿ ಸುತ್ತಿ ಎಳೆದುಕೊಳ್ಳುತ್ತದೆ. ತುಂಡು ಸೀಳದೆ ಸಿಕ್ಕಿಹಾಕಿಕೊಂಡರೆ ತುಂಡೇ ತಿರುಗಿ ಕೈಗೆ ಬಡಿಯುತ್ತದೆ. ಲುಂಗಿ, ಮುಂಡು ಉಡುವ ನಮ್ಮ ಅಂಗಳಕ್ಕೆ ಅದು ಬೇಡವೇ ಬೇಡ.

ಹೈಡ್ರಾಲಿಕ್ ಯಂತ್ರದಲ್ಲೂ ಬೆರಳು ಹೋಗುತ್ತದೆ. ಒಬ್ಬರು ಲಿವರ್ ಒತ್ತುವಾಗ ಇನ್ನೊಬ್ಬರು ತುಂಡು ಹಿಡಿದುಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಯುರೋಪಿನ ಇಎನ್ 609-1 ಎಂಬ ಸುರಕ್ಷತಾ ಮಾನದಂಡ ಎರಡು ಕೈಯ ನಿಯಂತ್ರಣ ಕೇಳುವುದು ಇದಕ್ಕಾಗಿಯೇ. ಎರಡೂ ಕೈ ಹಿಡಿಕೆಯ ಮೇಲೆ ಇದ್ದರೆ ಮಾತ್ರ ದಂಡ ಮುಂದೆ ಹೋಗಬೇಕು, ಒಂದು ಕೈ ಬಿಟ್ಟರೂ ನಿಲ್ಲಬೇಕು. ಒಂದು ಹಿಡಿಕೆಗೆ ಹಗ್ಗ ಕಟ್ಟಿ "ಬೇಗ ಆಗ್ತದೆ" ಎನ್ನುವವರನ್ನು ಯಂತ್ರದ ಹತ್ತಿರ ಬಿಡಬೇಡಿ. ಎಣ್ಣೆಯ ಪೈಪಿನಲ್ಲಿ ಸೂಜಿ ಮೊನೆಯಷ್ಟು ತೂತಾದರೆ ಬೆರಳಿಟ್ಟು ಹುಡುಕಬಾರದು. ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸಂಗತಿ ಅದು. ಯಂತ್ರ ನಿಲ್ಲಿಸಿ, ರಟ್ಟಿನ ತುಂಡು ಹಿಡಿದು ನೋಡಿ.

ಗಡಿಯ ಯಾವ ಬದಿಯಲ್ಲಿ ಕೊಳ್ಳುವುದು?

ಪುತ್ತೂರು, ಮಂಗಳೂರಿನಲ್ಲಿಯೋ ಕಾಸರಗೋಡಿನಲ್ಲಿಯೋ ಎಂಬುದು ನಮ್ಮವರ ಹಳೆಯ ಚರ್ಚೆ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಎರಡೂ ರಾಜ್ಯದಲ್ಲಿ ತೆರಿಗೆಯ ದರ ಒಂದೇ. ವ್ಯತ್ಯಾಸ ಬರುವುದು ಅಂಗಡಿಯವರ ಲಾಭ ಮತ್ತು ಸಾಗಾಟದಲ್ಲಿ ಮಾತ್ರ. ಬೆಲೆ 50,000 ರೂಪಾಯಿ ಮೀರಿದರೆ ಗಡಿ ದಾಟಿಸಲು ಅಂಗಡಿಯವರಿಂದ ಇ-ವೇ ಬಿಲ್ ಕೇಳಿ ಪಡೆಯಿರಿ. ನಿಜವಾಗಿ ಕೇಳಬೇಕಾದ್ದು ಬೇರೆ: ಸಿಲಿಂಡರಿನ ಸೀಲು ಹೋದರೆ ಬದಿಯಡ್ಕಕ್ಕೋ ಮುಳ್ಳೇರಿಯಕ್ಕೋ ಬಂದು ಹಾಕಿಕೊಡುವ ಮೆಕ್ಯಾನಿಕ್ ಇದ್ದಾನೆಯೇ? ಬಿಡಿಭಾಗ ಹತ್ತಿರದಲ್ಲಿ ಸಿಗುತ್ತದೆಯೇ? ಸಾವಿರ ರೂಪಾಯಿ ಉಳಿಸಿ ವರ್ಷವಿಡೀ ಫೋನು ಮಾಡುವುದಕ್ಕಿಂತ ಹತ್ತಿರದವರಲ್ಲಿ ಕೊಳ್ಳುವುದೇ ಮೇಲು. ಕೊಳ್ಳುವ ಮೊದಲು ನಿಮ್ಮ ತೋಟದ ಅತಿ ಗಂಟಿನ ತುಂಡೊಂದನ್ನು ಜೀಪಿನಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲಿಯೇ ಸೀಳಿಸಿ ನೋಡಿ.

ಐದಾರು ಮನೆಗೆ ಒಂದು

ಮತ್ತೆ 9 ಗಂಟೆಯ ಲೆಕ್ಕಕ್ಕೆ ಬನ್ನಿ. ಒಂದು ಮನೆಗೆ ಒಂದೆರಡು ದಿನದ ಕೆಲಸವಾದರೆ ಆರು ಮನೆಗೆ ಹತ್ತು ಹನ್ನೆರಡು ದಿನ. ಆರು ಮನೆಯವರು ಸೇರಿದರೆ ಚಕ್ರ ಇರುವ, ಎರಡು ಹಂತದ ಪಂಪಿನ, ಎರಡು ಕೈಯ ಹಿಡಿಕೆಯ ಒಳ್ಳೆಯ ಯಂತ್ರವನ್ನೇ ಕೊಳ್ಳಬಹುದು. ಒಬ್ಬೊಬ್ಬರೇ ಹೋದರೆ ಅದೇ ದುಡ್ಡಿಗೆ ಅಗ್ಗದ ತಿರುಪು ಯಂತ್ರ ಸಿಕ್ಕೀತು. ಮುಯ್ಯಾಳಿನ ಪದ್ಧತಿ ನಮಗೆ ಹೊಸತಲ್ಲ. 1998ರಲ್ಲಿ ಶುರುವಾದ ಕುಟುಂಬಶ್ರೀಯ ಕೂಟಗಳು ಊರೂರಲ್ಲಿ ಇವೆ, ಸಹಕಾರಿ ಸಂಘಗಳೂ ಇವೆ. ಮುಂದೆ ನಿಲ್ಲುವ ಒಬ್ಬರು ಬೇಕು, ಅಷ್ಟೆ.

ಪಾಲಿನ ವಸ್ತುವಿಗೆ ಜಗಳ ತಪ್ಪಬೇಕಾದರೆ ಮೂರು ಕಟ್ಟಳೆ ಮೊದಲೇ ಆಗಲಿ. ಯಾರ ಮನೆಯಲ್ಲಿ ಎಷ್ಟು ಗಂಟೆ ಓಡಿತು ಎಂದು ಪುಸ್ತಕದಲ್ಲಿ ಬರೆಯುವುದು. ಗಂಟೆಗೆ ಇಷ್ಟು ಎಂದು ಎಣ್ಣೆಗೆ, ರಿಪೇರಿಗೆ ತೆಗೆದಿಡುವುದು. ಯಂತ್ರ ಕಲಿತ ಒಬ್ಬನೇ ಅದನ್ನು ನಡೆಸುವುದು. ಈ ಮೂರನೆಯದರಿಂದ ಊರಿನ ಒಬ್ಬ ಹುಡುಗನಿಗೆ ಬೇಸಗೆಯಲ್ಲಿ ಹತ್ತು ದಿನದ ಸಂಬಳವೂ ಆಯಿತು.

ದಶಂಬರ, ಜನವರಿಯಲ್ಲಿ ಸೀಳಿ ಬಿಸಿಲಿಗೆ ಒಡ್ಡಿದ ಸೌದೆ ಪತ್ತನಾಜೆಯ ಹೊತ್ತಿಗೆ ಖಣಖಣ ಒಣಗಿ ಕೊಟ್ಟಿಗೆ ಸೇರುತ್ತದೆ. ಹಸಿ ಸೌದೆ ಹಾಕಿದರೆ ಬೆಂಕಿಯ ಬಲವೆಲ್ಲ ಅದರ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಉಳಿದದ್ದು ಒಲೆ ಊದುವವರ ಕಣ್ಣಿಗೆ ಹೊಗೆ. ಈ ಸಲ ಅಡಿಕೆ ದುಡ್ಡು ಕೈಗೆ ಬಂದಾಗ ಯಂತ್ರದ ಅಂಗಡಿಗೆ ಹೋಗುವ ಮೊದಲು ಬೇಲಿಯಾಚೆಯ ಮನೆಗೆ ಹೋಗಿ, "ನಿಮಗೆ ವರ್ಷಕ್ಕೆ ಸೌದೆ ಎಷ್ಟು ಬೇಕು?" ಎಂದು ಕೇಳಿ ಬನ್ನಿ.